ಗುಪ್ತದಾನಿಗಳು ಕಟ್ಟಿಸಿದ ಸಂಡಾಸು

ನಮ್ಮ ವಸತಿಗೃಹದಲ್ಲಿ ತೀರಿಕೊಂಡವರ ಹೆಸರಿಲ್ಲದ ಸಾಮಾನು ಹುಡುಕಿದರೂ ಸಿಗುವುದಿಲ್ಲ. ಗೋಡೆಯ ಗಡಿಯಾರ ಒಬ್ಬರ ತಂದೆಯ ಸ್ಮರಣಾರ್ಥ. ನೀರಿನ ಟಾಕಿ ಇನ್ನೊಬ್ಬರ ತಾಯಿಯ ಸ್ಮರಣಾರ್ಥ. ಪಡಸಾಲೆಯ ಫ್ಯಾನನ್ನು ಕೊಟ್ಟ ಅಣ್ಣತಮ್ಮಂದಿರು ಮಾತ್ರ ಇನ್ನೂ ಬದುಕಿದ್ದಾರೆ. ರೆಕ್ಕೆಗೊಬ್ಬರಂತೆ ತಮ್ಮ ಹೆಸರನ್ನೇ ಬರೆಸಿಕೊಂಡಿದ್ದಾರೆ. ಹೊಲದ ಬದುವಿಗಾಗಿ ಕೋರ್ಟಿಗೆ ಹೋಗಿ ಮಾತು ಬಿಟ್ಟವರು ಅವರು. ಕರೆಂಟು ಇರುವಷ್ಟು ಹೊತ್ತು ನಮ್ಮಲ್ಲಿ ಒಟ್ಟಿಗೆ ತಿರುಗುತ್ತಾರೆ. ಊಟದ ತಾಟುಗಳ ಅಂಚಿಗೆ ಯಾರದೋ ಅಜ್ಜನ ಹೆಸರು, ಯಾರದೋ ಅಜ್ಜಿಯ ಹೆಸರು ಕೊರೆದಿದೆ. ಅಜ್ಜಿಯ ತಾಟು ಅಗಲ, ಅಜ್ಜನದು ಸಣ್ಣದು. ಹೀಗಾಗಿ ಊಟದ ಹೊತ್ತಿಗೆ ನಮ್ಮ ಹುಡುಗಿಯರು, "ನಿನ್ನಿ ನಿನಗ ಅಜ್ಜಿ ಸಿಕ್ಕಿದ್ಳು, ಇವತ್ತ ನೀ ಅಜ್ಜನ್ನ ತೊಗೋ" ಎಂದು ಜಗಳಾಡುತ್ತಾರೆ. ಕೊಟ್ಟವರು ಇದನ್ನು ಕೇಳಿಸಿಕೊಂಡರೆ ಏನು ಗತಿ ಎಂದು ನಮ್ಮ ಅಧ್ಯಕ್ಷರಿಗೆ ಸದಾ ಹೆದರಿಕೆ.

ಮಹಾರಾಷ್ಟ್ರದ ಗಡಿಸೀಮೆಯ ಜತ್ತದಿಂದ ಬಿಳೂರಿಗೆ ಹೋಗುವ ರಸ್ತೆಯ ಬದಿಗೆ ನಮ್ಮ ವಸತಿಗೃಹವಿದೆ. ಕಬ್ಬು ಕಡಿಯಲು ಹೋಗುವವರ ಹೆಣ್ಣುಮಕ್ಕಳು ಇಲ್ಲಿರುತ್ತಾರೆ. ದಸರೆ ಮುಗಿದದ್ದೇ ತಡ, ಮುಂಗಡ ಕೊಟ್ಟು ಕೂಲಿಯವರನ್ನು ಕೂಡಿಸುವ ಮುಕಾದಮರು ಊರೂರಿಗೆ ಟ್ರ್ಯಾಕ್ಟರ್ ತಂದು ನಿಲ್ಲಿಸುತ್ತಾರೆ. ಗಂಡಹೆಂಡತಿ ಸೇರಿದರೆ ಅವರ ಲೆಕ್ಕದಲ್ಲಿ ಒಂದು ಕೊಯ್ತಾ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ; ಮನುಷ್ಯರನ್ನೂ ಅದರ ಹೆಸರಿನಿಂದಲೇ ಎಣಿಸುತ್ತಾರೆ. ಜೊತೆಗೆ ಹೋದ ಹುಡುಗಿಯರು ಗದ್ದೆಯ ದಂಡೆಯಲ್ಲಿ ರೊಟ್ಟಿ ಬಡಿಯುತ್ತ, ತಮ್ಮಂದಿರನ್ನು ಎತ್ತಿಕೊಳ್ಳುತ್ತ ಬೇಸಿಗೆಯವರೆಗೆ ಅಲ್ಲೇ ಇರುತ್ತಾರೆ. ಮರಳಿ ಬರುವಷ್ಟರಲ್ಲಿ ಶಾಲೆ ಮುಗಿದಿರುತ್ತದೆ, ಕೆಲವರದು ಕಾಯಮ್ಮಾಗಿ. ಅವರನ್ನು ಇಲ್ಲಿ ಇಟ್ಟುಕೊಂಡು ಓದಿಸುವುದು ನಮ್ಮ ಸಂಸ್ಥೆಯ ಕೆಲಸ.

ನಾನು ಕನ್ನಡ ಶಾಲೆಯಲ್ಲಿ ಮಾಸ್ತರಕಿ ಮಾಡಿ ನಿವೃತ್ತಳಾದವಳು. ಸಂಸ್ಥೆಗೆ ಕಾರ್ಯದರ್ಶಿ. ಎಲ್ಲರೂ ನನ್ನನ್ನು ಅಕ್ಕೋರು ಎನ್ನುತ್ತಾರೆ. ನನ್ನ ನಿಜವಾದ ಕೆಲಸ ಬೇಡುವುದು. ಹರಿದ ಸೀರೆ ಉಟ್ಟು ಬೇಡಿದರೆ ಅದು ಭಿಕ್ಷೆ. ಇಸ್ತ್ರಿ ಮಾಡಿದ ಸೀರೆ ಉಟ್ಟು, ಕೈಯಲ್ಲಿ ಪಾವತಿ ಪುಸ್ತಕ ಹಿಡಿದು ಬೇಡಿದರೆ ನಿಧಿಸಂಗ್ರಹ. ನಮ್ಮ ಅಧ್ಯಕ್ಷರು ಜತ್ತದ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟವರು, ಸಜ್ಜನರು. ಯಾರ ಮನಸ್ಸನ್ನೂ ನೋಯಿಸುವವರಲ್ಲ, ಅದರಲ್ಲೂ ರೊಕ್ಕ ಇದ್ದವರ ಮನಸ್ಸನ್ನು.

ಕೊಟ್ಟವರಿಗೆ ಸತ್ಕಾರ ಮಾಡಬೇಕು. ಸತ್ಕಾರ ಎಂದರೆ ಶಾಲು, ತೆಂಗಿನಕಾಯಿ, ತಲೆಗೆ ಫೇಟಾ. ತೆಂಗಿನಕಾಯಿಗೆ ವೇದಿಕೆಯ ಮೇಲೆ ಶ್ರೀಫಲ ಎನ್ನಬೇಕು, ಕೆಳಗಿಳಿದ ಮೇಲೆ ಅದು ಚಟ್ನಿಗೆ ಹೋಗುತ್ತದೆ. ಶಾಲಿನ ಸಂಗತಿ ಬೇರೆ. ನಮ್ಮ ತಾಲೂಕಿನಲ್ಲಿ ಶಾಲು ಹೊದ್ದುಕೊಂಡು ಮಲಗಿದವರನ್ನು ನಾನು ನೋಡಿಲ್ಲ. ಅದು ಒಬ್ಬರ ಹೆಗಲಿನಿಂದ ಕಪಾಟಿಗೆ, ಕಪಾಟಿನಿಂದ ಇನ್ನೊಬ್ಬರ ಹೆಗಲಿಗೆ ಹೋಗುತ್ತಲೇ ಇರುತ್ತದೆ. ಜರಿ ಅಂಚಿನ ಒಂದು ಕೆಂಪು ಶಾಲಿನ ಮೂಲೆಗೆ ಚಹಾದ ಕಲೆ ಇತ್ತು. ನಾನೇ ಅದನ್ನು ಒಬ್ಬ ಡಾಕ್ಟರಿಗೆ ಹೊದಿಸಿದ್ದೆ. ವರ್ಷ ತುಂಬುವುದರೊಳಗೆ ಯಾವುದೋ ಮಹಿಳಾ ಮಂಡಳದವರು ಅದನ್ನು ನನಗೇ ಹೊದಿಸಿದರು. ಕಲೆಯ ಗುರುತು ಹಿಡಿದು, ತವರಿನವರು ಎದುರಾದಷ್ಟು ಖುಷಿಪಟ್ಟೆ. ಮನೆಗೆ ತಂದು ಮಡಚಿ ಮತ್ತೆ ನಮ್ಮ ಕಪಾಟಿನಲ್ಲೇ ಇಟ್ಟೆ.

ಇಷ್ಟೆಲ್ಲ ಸ್ಮರಣಾರ್ಥಗಳ ನಡುವೆ ನಮ್ಮಲ್ಲಿ ಸಂಡಾಸು ಇರಲಿಲ್ಲ. ಇದ್ದ ಒಂದರ ಗುಂಡಿ ಮಳೆಗಾಲದಲ್ಲಿ ಕುಸಿದು ಬಿತ್ತು. ಸರಕಾರಕ್ಕೆ ಅರ್ಜಿ ಕೊಟ್ಟರೆ, ನಿಮ್ಮಲ್ಲಿ ಆಗಲೇ ಒಂದು ಇದೆಯೆಂದು ಕಾಗದ ಹೇಳುತ್ತದೆ ಎಂದು ಉತ್ತರ ಬಂತು. ಕಾಗದದ ಮೇಲಿನ ಸಂಡಾಸಿಗೆ ಹುಡುಗಿಯರನ್ನು ಕಳಿಸುವುದು ಹೇಗೆಂದು ಯಾರೂ ಹೇಳಲಿಲ್ಲ. ಕಟ್ಟಡದ ಹಿಂದೆ ಜಾಲಿಕಂಟಿ ಬೆಳೆದ ಬೀಳು ಭೂಮಿ ಇತ್ತು, ಹುಡುಗಿಯರು ಅಲ್ಲಿಗೆ ಹೋಗಿಬರುತ್ತಿದ್ದರು. ಅದರ ಮಾಲಕ ಜೆಸಿಬಿ ತರಿಸಿ ಕಂಟಿಯನ್ನೆಲ್ಲ ಕಿತ್ತು, ದಾಳಿಂಬೆ ಹಚ್ಚಿ ಸುತ್ತ ತಂತಿ ಬಿಗಿದ. ಅವನದೇನೂ ತಪ್ಪಿಲ್ಲ, ಭೂಮಿ ಅವನದು. ನಮ್ಮ ಹುಡುಗಿಯರಿಗೆ ರಸ್ತೆ ದಾಟಿ, ಮೋರಿಯ ಕೆಳಗೆ, ಒಬ್ಬಳನ್ನು ಕಾವಲಿಗೆ ನಿಲ್ಲಿಸಿ ಕೂರುವುದೇ ಗತಿಯಾಯಿತು.

ಆಗ ಕುಣಿಕೋಣೂರಿನಿಂದ ಒಬ್ಬ ತಾಯಿ ಬಂದಳು. ಅವಳ ಮಗಳು ನಮ್ಮಲ್ಲಿ ಹತ್ತನೆಯ ತರಗತಿ ಓದುತ್ತಿದ್ದಳು. ತಾಟಿನ ಜಗಳದಲ್ಲಿ ಮುಂದಾಳು ಅವಳೇ. ಎದುರುತ್ತರ ಕೊಡುವುದರಲ್ಲೂ ಗಣಿತದಲ್ಲೂ ಗಟ್ಟಿ, ಇಂಗ್ಲಿಷಿನಲ್ಲಿ ಅಷ್ಟಕ್ಕಷ್ಟೇ. ತಾಯಿ ಮೋರಿಯನ್ನೂ ತಂತಿಯನ್ನೂ ನೋಡಿಕೊಂಡೇ ನನ್ನ ಮುಂದೆ ಬಂದು ಕುಳಿತಳು.

"ಅಕ್ಕೋರ, ಒಂದ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮಗಳು ಹತ್ತನೇದ ಮುಗಿಸ್ಲಿ ಅಂತ ನನಗೂ ಭಾಳ ಆಸೆ ಐತಿ. ಆದ್ರ ದೊಡ್ಡಾಕಿ ಆಗ್ಯಾಳ. ರಸ್ತಾದ ಮಗ್ಗಲಾಗ ಹೋಗಿ ಕುಂದ್ರಂದ್ರ ಹೆಂಗ್ರಿ? ಟ್ರ್ಯಾಕ್ಟರ್ ಬರೂದ್ರಾಗ ಸಂಡಾಸ ಆಗಲಿಲ್ಲಂದ್ರ ಆಕಿನ್ನ ಕರ್ಕೊಂಡ ಹೋಗ್ತೀನಿ."

"ಕಬ್ಬಿನ ಗದ್ದ್ಯಾಗ ಏನ ಸಂಡಾಸ ಇರ್ತಾವೇನವಾ? ಅಲ್ಲೂ ಬಯಲ ಅಲ್ಲೇನು?" ಎಂದೆ.

"ಅಲ್ಲಿ ನಾ ಇರ್ತೀನಲ್ರಿ" ಎಂದಳು.

ಬಾಗಿಲಲ್ಲಿ ನಿಂತಿದ್ದ ಮಗಳು, "ನಾ ಬರಾಂಗಿಲ್ಲ" ಎಂದಳು. "ನಿನ್ನ ಯಾರ ಕೇಳ್ಯಾರ?" ಎಂದು ತಾಯಿ ಅವಳ ಕಡೆ ತಿರುಗದೆಯೇ ಕೇಳಿದಳು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಗಡಿಯಾರ ಕೊಟ್ಟವರು, ಫ್ಯಾನು ಕೊಟ್ಟವರು, ತಾಟು ಕೊಟ್ಟವರು, ಇಷ್ಟೊಂದು ಜನರ ಪುಣ್ಯ ಸೇರಿ ಒಬ್ಬ ಹುಡುಗಿಗೆ ಕುಳಿತುಕೊಳ್ಳಲು ಮರೆಯಿಲ್ಲದ ಹಾಗಾಗಿತ್ತು. ಟ್ರ್ಯಾಕ್ಟರ್ ಬರುವುದರೊಳಗೆ ಆಗುತ್ತದೆ ಎಂದು ಮಾತು ಕೊಟ್ಟುಬಿಟ್ಟೆ. ಕೈಯಲ್ಲಿ ಬಿಡಿಗಾಸಿರಲಿಲ್ಲ.

ಮೊದಲು ಡಫಳಾಪುರದ ಸಾವ್ಕಾರರ ಮನೆಗೆ ಹೋದೆವು, ಅಧ್ಯಕ್ಷರು ಮತ್ತು ನಾನು. ಸಾವ್ಕಾರರದು ಒಣದ್ರಾಕ್ಷಿಯ ವ್ಯಾಪಾರ. ನಮ್ಮ ಹುಡುಗಿಯರ ರೊಟ್ಟಿಗೆ ಪ್ರತಿವರ್ಷ ಜೋಳದ ಚೀಲಗಳು ಅವರ ಮನೆಯಿಂದಲೇ ಬರುತ್ತವೆ, ಹೀಗಾಗಿ ಅವರ ಮುಂದೆ ನಾವು ಸ್ವಲ್ಪ ಬಾಗಿಯೇ ಕೂರುತ್ತೇವೆ. ದಾನಿಗಳ ಮನೆಗೆ ಹೋದ ಕೂಡಲೇ ಬಂದ ಕೆಲಸ ಹೇಳಬಾರದು ಎಂಬುದು ಅಧ್ಯಕ್ಷರ ಶಾಸ್ತ್ರ. ದ್ರಾಕ್ಷಿಯ ದರ, ಮೊಮ್ಮಗನ ಕೆಮ್ಮು, ಸಾವ್ಕಾರರ ಮೊಳಕಾಲು ನೋವು, ಇವನ್ನೆಲ್ಲ ವಿಚಾರಿಸುವಷ್ಟರಲ್ಲಿ ಚಹಾ ಎರಡು ಸಲ ಬಂತು. ಸೊಸೆ ತಾಟಿನಲ್ಲಿ ಒಣದ್ರಾಕ್ಷಿ ತಂದಿಟ್ಟಳು.

"ಹುಡುಗ್ಯಾರ ಆರೋಗ್ಯದ ದೃಷ್ಟಿಯಿಂದ ಒಂದು ಸಣ್ಣ ಕಟ್ಟಡದ ವಿಚಾರ ನಡದದರಿ" ಎಂದು ಅಧ್ಯಕ್ಷರು ಶುರು ಮಾಡಿದರು.

"ದವಾಖಾನಿ ಏನ್ರಿ?"

"ಅಲ್ರಿ. ಆರೋಗ್ಯಕ್ಕ ಸಂಬಂಧಪಟ್ಟದ್ದ, ಆದ್ರ..."

"ವ್ಯಾಯಾಮಶಾಳಾ?"

ಅಧ್ಯಕ್ಷರ ಹಣೆಯಲ್ಲಿ ಬೆವರು ಮೂಡಿತು. ನಾನು, "ಸಂಡಾಸ್ರಿ, ಸಾವ್ಕಾರ" ಎಂದೆ. ಸೊಸೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು.

ಸಾವ್ಕಾರರು ಗೋಡೆಯ ಮೇಲಿನ ಹಾರ ಹಾಕಿದ ಫೋಟೋ ತೋರಿಸಿದರು. "ಅಲ್ರಿ ಅಕ್ಕೋರ, ನಮ್ಮಪ್ಪ ಎಂಥಾ ಮನಶಾ! ಅವನ ಹೆಸರ ಸಂಡಾಸದ ಬಾಗಲಕ್ಕ ಹಾಕ್ತೀರಿ? ಮುಂಜಾನೆದ್ದ ಆ ಹುಡುಗ್ಯಾರ ಎಲ್ಲಿಗಿ ಹೊಂಟೀಯೇ ಅಂದ್ರ ಎಲ್ಲಿಗಿ ಅಂತ ಹೇಳಬೇಕ್ರಿ?"

ನನಗೆ ಊಟದ ತಾಟುಗಳು ನೆನಪಾದವು. ಮನುಷ್ಯನ ಹೆದರಿಕೆಯಲ್ಲಿ ಹುರುಳಿಲ್ಲ ಎನ್ನುವಂತಿರಲಿಲ್ಲ.

"ರೊಕ್ಕದ ಮಾತಲ್ರಿ ಇದು" ಎಂದು ಅವರೇ ಮುಂದುವರಿಸಿದರು. "ನೀವೇನ ಚಿಂತಿ ಮಾಡಬ್ಯಾಡ್ರಿ. ನಿಮ್ಮ ವಸ್ತಿಗೃಹಕ್ಕ ನಾ ಕಮಾನ ಕಟ್ಟಿಸ್ತೀನಿ. ನಮ್ಮಪ್ಪನ ಹೆಸರ್ಲೆ. ರಸ್ತಾದಾಗ ಹೋಗವ್ರಿಗೆಲ್ಲಾ ಕಾಣಬೇಕು, ಅಷ್ಟ ದೊಡ್ಡದು."

ಅಧ್ಯಕ್ಷರು ಎರಡೂ ಕೈ ಜೋಡಿಸಿದರು. ಮರಳುವಾಗ ಜೀಪಿನ ಹಿಂದಿನ ಸೀಟಿನಲ್ಲಿ ಕೋಳಿ ಬುಟ್ಟಿಯ ಮಗ್ಗುಲಲ್ಲಿ ಕುಳಿತು, "ಕಮಾನ ಆದ್ರ ಚಂದ ಕಾಣ್ತದರಿ ಅಕ್ಕೋರ" ಎಂದರು.

ಕಮಾನಿನ ಸುದ್ದಿ ನಮಗಿಂತ ಮೊದಲೇ ಜತ್ತ ಮುಟ್ಟಿತ್ತು. ಮರುದಿನ ಗುತ್ತೇದಾರರು ಬಂದರು. ರಸ್ತೆ, ಮೋರಿ, ಸಮಾಜಮಂದಿರಗಳ ಗುತ್ತಿಗೆ ಹಿಡಿಯುವ ಇವರು ನಮಗೆ ಮುಂದಿನ ದೊಡ್ಡ ಕೋಣೆ ಕಟ್ಟಿಸಿಕೊಟ್ಟವರು. ಅದರ ಬಾಗಿಲ ಮೇಲೆ ಅವರ ತಾಯಿಯ ಹೆಸರಿನ ಅಮೃತಶಿಲೆಯ ಕಲ್ಲಿದೆ. ಕಮಾನು ಎದ್ದರೆ ಆ ಕಲ್ಲು ರಸ್ತೆಗೆ ಕಾಣುವುದಿಲ್ಲ ಎಂಬುದನ್ನು ಅವರು ಮನೆಯಲ್ಲೇ ಕೂತು ಅಳತೆ ಹಾಕಿಕೊಂಡು ಬಂದಿದ್ದರು.

"ನಮ್ಮವ್ವನ ಹೆಸರಿಗಿ ಅಡ್ಡ ಕಮಾನ ಹಾಕಾವ್ರ ಯಾರ್ರಿ? ಅವ್ರ ಒಂದ ಹಾಕಿದ್ರ ಅದರ ಮುಂದ ಅದಕ್ಕೂ ಎತ್ತರದ್ದ ನಾ ಹಾಕ್ತೀನಿ."

ಅಧ್ಯಕ್ಷರು ನನ್ನನ್ನು ಮರೆಗೆ ಕರೆದು, "ಎರಡೂ ತೊಗೊಂಡ ಬಿಡೂಣ್ರಿ, ಯಾರ್ನೂ ಎದಕ್ಕ ಬ್ಯಾಸರ ಮಾಡೂದು?" ಎಂದು ಪಿಸುಗುಟ್ಟಿದರು. ಸಂಸ್ಥೆ ನಡೆಸುವುದೆಂದರೆ ಸಂಬಂಧ ಕಾಯ್ದುಕೊಳ್ಳುವುದು ಎಂದು ಅವರು ಯಾವಾಗಲೂ ಹೇಳುತ್ತಾರೆ. ಖರೆ ಮಾತು. ಹುಡುಗಿಯರು ಒಂದರ ಹಿಂದೆ ಒಂದು ಕಮಾನಿನ ಕೆಳಗೆ ತಲೆ ಎತ್ತಿ ನಡೆದು ಮೋರಿಗೆ ಹೋಗುವುದು ನನ್ನ ಕಣ್ಣಿಗೆ ಕಟ್ಟಿತು.

ನಾನು ಗುತ್ತೇದಾರರ ಮುಂದೆ ಕುಳಿತೆ. "ಕಮಾನ ಯಾರಾದ್ರೂ ಕಟ್ಟಿಸ್ತಾರ್ರಿ. ಗುಪ್ತದಾನ ಕೊಡಾಕ ಎದಿ ಬೇಕು. ಗುತ್ತೇದಾರ್ರ ಕೈಲೆ ಹೆಸರ ಇಲ್ಲದ ದಾನ ಆಗಾಂಗಿಲ್ಲ ಅಂತ ಡಫಳಾಪುರದಾಗ ಮಂದಿ ಮಾತಾಡ್ತಾರ" ಎಂದೆ. ಅಲ್ಲಿ ಯಾರೂ ಹಾಗೆ ಮಾತಾಡಿರಲಿಲ್ಲ. ಗುತ್ತೇದಾರರ ಮುಖ ಕೆಂಪಗಾಯಿತು. ಇಟ್ಟಿಗೆ, ಸಿಮೆಂಟು, ಗೌಂಡಿಗಳು ಎಲ್ಲ ತಮ್ಮದೇ ಎಂದರು. ಅದೇ ದಿನ ಡಫಳಾಪುರಕ್ಕೆ ಹೋಗಿ, ಗುತ್ತೇದಾರರು ಗುಪ್ತದಾನ ಕೊಡುತ್ತಿದ್ದಾರೆ ಎಂದು ಸಾವ್ಕಾರರಿಗೆ ಹೇಳಿದೆ. ಇದು ಮಾತ್ರ ಸುಳ್ಳಲ್ಲ.

ಸಾವ್ಕಾರರು ಮೊಳಕಾಲು ತಿಕ್ಕಿಕೊಳ್ಳುತ್ತ ಯೋಚಿಸಿದರು. "ಗುಪ್ತದಾನ ಅಂದ್ರ ದೊಡ್ಡ ಪುಣ್ಯೇನೋ ಖರೆ. ಆದ್ರ ನಾ ಕೊಟ್ಟಿದ್ದ ಮಂದಿಗಿ ಹೆಂಗ ಗೊತ್ತಾಗಬೇಕ್ರಿ?"

"ಗೊತ್ತಾಗಬಾರದು ಅಂತನ ಗುಪ್ತ ಅಂತಾರ್ರಿ."

"ಎಲ್ಲಾರಿಗಿ ಬ್ಯಾಡ್ರಿ. ಒಂದ ನಾಕ ಮಂದಿಗಿ."

"ನಾಕ ಮಂದಿಗಿ ನಾನ ಹೇಳ್ತೀನಿ" ಎಂದು ಒಪ್ಪಿಕೊಂಡೆ. ಆ ನಾಲ್ವರನ್ನು ಬಹಳ ವಿಚಾರ ಮಾಡಿ ಆರಿಸಿದೆ: ಕ್ಷೌರದ ಅಂಗಡಿಯವನು, ಜೀಪಿನ ಡ್ರೈವರ್, ಸ್ಟ್ಯಾಂಡಿನ ಚಹಾದವನು, ಗುತ್ತೇದಾರರ ಸೋದರತ್ತೆ. ಟೈಲ್ಸ್, ನಲ್ಲಿ, ಬಾಗಿಲು ಸಾವ್ಕಾರರ ಪಾಲಿಗೆ ಬಂದವು. ಮುಂದಿನ ವಾರದ ಸಂತೆಯ ಹೊತ್ತಿಗೆ ಗುಪ್ತದಾನದ ಸಂಗತಿ ಗೊತ್ತಿಲ್ಲದವರು ತಾಲೂಕಿನಲ್ಲಿ ಉಳಿಯಲಿಲ್ಲ. ಸ್ಟ್ಯಾಂಡಿನ ಎದುರು ಸಾವ್ಕಾರರ ಅಭಿಮಾನಿಗಳು ಫ್ಲೆಕ್ಸ್ ಏರಿಸಿದರು: ಆಳೆತ್ತರದ ಫೋಟೋ, ಕೈ ಮುಗಿದ ಭಂಗಿ, ಕೆಳಗೆ 'ಗುಪ್ತದಾನಿ' ಎಂದು ಕೆಂಪು ಅಕ್ಷರ. ಮರುದಿನ ಅದರ ಮಗ್ಗುಲಿಗೆ ಗುತ್ತೇದಾರರದು ಇನ್ನಷ್ಟು ದೊಡ್ಡದು ಎದ್ದಿತು. ತಂಪು ಕನ್ನಡಕ ಹಾಕಿಕೊಂಡಿದ್ದರಿಂದ ಅವರು ಸ್ವಲ್ಪ ಹೆಚ್ಚು ಗುಪ್ತವಾಗಿ ಕಾಣುತ್ತಿದ್ದರು.

ಪೈಪೋಟಿಗೆ ಬಿದ್ದದ್ದರಿಂದ ಕೆಲಸ ಲಗುಬಗೆಯಿಂದ ಮುಗಿಯಿತು. ಹೊರಗೆ ಗುಲಾಬಿ ಬಣ್ಣ. ಒಳಗೆ ನವಿಲಿನ ಚಿತ್ರದ ಟೈಲ್ಸ್. ಟೈಲ್ಸಿಗೆ ಬಹಳ ಖರ್ಚಾಯಿತೆಂದು ಒಳಗಿನ ಸಾಲಿಗೆ ಅಡ್ಡಗೋಡೆಗಳಷ್ಟೇ, ಬಾಗಿಲಿಲ್ಲ. ಇಡೀ ಕಟ್ಟಡಕ್ಕೆ ಬಾಗಿಲು ಒಂದೇ, ಮುಂದಿನದು. ತೇಗದ ಬಾಗಿಲು, ಅದಕ್ಕೆ ಹಿತ್ತಾಳೆಯ ಕೊಂಡಿ. ಆ ಕೊಂಡಿಗೆ ಗುತ್ತೇದಾರರು ಕೀಲಿ ಜಡಿದು ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡರು.

"ಉದ್ಘಾಟನಿ ಆಗೂತನಕ ಯಾರೂ ಒಳಗ ಹೋಗಬಾರದ್ರಿ ಅಕ್ಕೋರ. ಎಂಜಲ ಆಗ್ತದ."

ಪ್ರಸಾದ ಎಂಜಲಾಗುವುದನ್ನು ಕೇಳಿದ್ದೆ, ಕುಡಿಯುವ ನೀರು ಎಂಜಲಾಗುವುದನ್ನು ಕೇಳಿದ್ದೆ. ಸಂಡಾಸು ಎಂಜಲಾಗುತ್ತದೆ ಎಂದು ಅವತ್ತೇ ಗೊತ್ತಾದದ್ದು. ಡಫಳಾಪುರಕ್ಕೆ ಫೋನು ಮಾಡಿದರೆ ಸಾವ್ಕಾರರದೂ ಅದೇ ರಾಗ. ಈ ಒಂದು ವಿಷಯದಲ್ಲಿ ಇಬ್ಬರಿಗೂ ಒಮ್ಮತವಿತ್ತು. ಸಾಂಗ್ಲಿಯ ಕಡೆಯಿಂದ ಒಬ್ಬ ದೊಡ್ಡ ಪುಢಾರಿ ಬಂದು ರಿಬ್ಬನ್ ಕತ್ತರಿಸಬೇಕಿತ್ತು. ಅಧ್ಯಕ್ಷರು ಆಮಂತ್ರಣ ಪತ್ರಿಕೆಯ ಕರಡು ಬರೆದು, ಸಂಡಾಸು ಎಂಬ ಶಬ್ದ ಎಲ್ಲಿಯೂ ಬಾರದ ಹಾಗೆ 'ಸ್ವಚ್ಛತಾ ಮಂದಿರದ ಲೋಕಾರ್ಪಣೆ' ಎಂದು ಹೆಸರಿಟ್ಟರು. ಪುಢಾರಿಯ ತಾರೀಖು ಮಾತ್ರ ಸಿಗಲಿಲ್ಲ. ಮೊದಲು ಯಾರದೋ ಲಗ್ನ ಬಂತು, ಆಮೇಲೆ ಯಾರದೋ ಸಾವು, ಆಮೇಲೆ ಮುಂಬಯಿಯಲ್ಲಿ ಬೈಠಕ್. ಹುಡುಗಿಯರು ಗುಲಾಬಿ ಬಣ್ಣದ ಗೋಡೆಯನ್ನು ಸುತ್ತುಹಾಕಿಕೊಂಡು ಮೋರಿಗೆ ಹೋಗುತ್ತಿದ್ದರು. ಕೀಲಿಕೈ ಕೊಡಿರೆಂದು ಕೇಳಿದರೆ ಗುತ್ತೇದಾರರು ಸಾವ್ಕಾರರ ಕಡೆ ಕೈ ತೋರಿಸುತ್ತಿದ್ದರು. ಸಾವ್ಕಾರರು, "ಈ ವರ್ಷದ ಜೋಳ ಇನ್ನೂ ಬರೂದದ ಅಕ್ಕೋರ, ಮರೀಬ್ಯಾಡ್ರಿ" ಎಂದು ನಗುತ್ತಲೇ ಹೇಳಿದರು. ಆ ನಗುವಿನ ಅರ್ಥ ತಿಳಿಯದಷ್ಟು ನಾನೇನೂ ಸಣ್ಣವಳಲ್ಲ.

ಟ್ರ್ಯಾಕ್ಟರ್ ಬಂದೇಬಿಟ್ಟಿತು. ಒಂದು ಮುಂಜಾನೆ ರಸ್ತೆಯ ಮೇಲೆ ಹಾರ್ನು ಕೇಳಿ ಹೊರಬಂದೆ. ಟ್ರಾಲಿಯ ತುಂಬ ಗಂಟುಮೂಟೆ, ಪಾತ್ರೆ, ಕೋಳಿ, ಕಂಕುಳ ಕೂಸುಗಳು. ಕುಣಿಕೋಣೂರಿನ ಆ ತಾಯಿ ಇಳಿದು ಬರುತ್ತಿದ್ದಳು, ಕೈಯಲ್ಲಿ ಗೋಣಿತಟ್ಟು ಸುತ್ತಿದ ಕೊಯ್ತಾ. ಮಗಳು ಟ್ರಂಕು ಹೊರಗೆ ತಂದಿಟ್ಟು ಅದರ ಮೇಲೆ ಕುಳಿತಿದ್ದಳು. ಅಷ್ಟು ದಿನ ಎದುರುತ್ತರ ಕೊಟ್ಟವಳು ಅವತ್ತು ನನ್ನ ಮುಖ ಕೂಡ ನೋಡಲಿಲ್ಲ. ಅದರಿಂದ ನನಗೆ ಬಹಳ ನೋವಾಯಿತು.

"ಆಗೈತೇನ್ರಿ, ಅಕ್ಕೋರ?"

"ಆಗೇದ ಬಾ" ಎಂದು ಕರೆದುಕೊಂಡು ಹೋಗಿ ತೋರಿಸಿದೆ.

ಅವಳು ಗುಲಾಬಿ ಗೋಡೆಯನ್ನು ನೋಡಿದಳು, ಕೊಂಡಿಯನ್ನು ನೋಡಿದಳು. "ಹಂಗಾರ ಕೀಲಿ ಯಾಕ್ರಿ?"

"ಸಾಂಗ್ಲಿಯಿಂದ ದೊಡ್ಡವರು ಬಂದ ಉದ್ಘಾಟನಿ ಮಾಡಬೇಕವಾ."

"ಅವ್ರಿಗಿ ಮೊದಲ ಹೋಗಬೇಕಾಗೈತೇನ್ರಿ?"

ಅವಳು ನಗಿಸಲು ಕೇಳಿರಲಿಲ್ಲ. ಅಷ್ಟರಲ್ಲಿ ಕಾಯಿಪಲ್ಯದ ಚೀಲ ಹಿಡಿದು ಬಂದಿದ್ದ ಅಧ್ಯಕ್ಷರು ನನ್ನ ಮುಖದ ರೀತಿ ನೋಡಿ ಓಡಿಬಂದರು. "ಜೋಳ, ಅಕ್ಕೋರ, ಜೋಳ" ಎಂದು ಕಿವಿಯಲ್ಲಿ ಹೇಳಿದರು. ಜೋಳ ಸಣ್ಣ ಮಾತಲ್ಲ. ಕೋಣೆಯಲ್ಲಿದ್ದದ್ದು ತಳ ಕಂಡಿತ್ತು, ಹುಡುಗಿಯರು ಇಡೀ ಸುಗ್ಗಿ ಮುಗಿಯುವವರೆಗೆ ಉಣ್ಣಬೇಕು. ಸಾವ್ಕಾರರು ಮುನಿದರೆ ಯಾರ ಮನೆಯ ಮೆಟ್ಟಿಲು ಹತ್ತಬೇಕೆಂದು ನನಗೆ ಗೊತ್ತಿರ‍ಲಿಲ್ಲ. ಟ್ರಂಕಿನ ಮೇಲೆ ಕುಳಿತವಳ ಬೆನ್ನು ಕಾಣುತ್ತಿತ್ತು. ಒಂದು ಕಲ್ಲೆತ್ತಿಕೊಂಡು ಕೀಲಿಗೆ ಹೊಡೆದೆ.

ಕೈ ನೊಂದಿತು, ಕೀಲಿ ಅಲುಗಲಿಲ್ಲ. "ಸರೀರಿ ಅಕ್ಕೋರ" ಎಂದು ತಾಯಿ ಗೋಣಿತಟ್ಟು ಬಿಚ್ಚಿ, ಕೊಯ್ತಾದ ಬೆನ್ನಿನಿಂದ ಹೊಡೆದಳು. ಕೀಲಿ ಬಾಯಿ ಬಿಟ್ಟು ಕೆಳಗೆ ಬಿತ್ತು. ಅಧ್ಯಕ್ಷರು ದಾಳಿಂಬೆ ತೋಟದ ಕಡೆ ಮುಖ ಮಾಡಿ ನಿಂತಿದ್ದರು.

ಒಳಗೆ ಹೋದ ತಾಯಿ ನವಿಲುಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನಲ್ಲಿ ತಿರುಗಿಸಿದಳು, ನೀರು ಬಂತು. ಆಮೇಲೆ ಬಾಗಿಲು ಮುಂದೆ ಮಾಡಿ ಅದರ ಒಳಮೈ ಮೇಲೆ ಕೈಯಾಡಿಸಿದಳು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ.

"ಒಳಗಿಂದ ಹಾಕ್ಕೊಳ್ಳಾಕ ಏನೈತ್ರಿ?"

ಏನೂ ಇರಲಿಲ್ಲ. ಹೊರಗೆ ಹಿತ್ತಾಳೆಯ ಕೊಂಡಿ ಹೊಳೆಯುತ್ತಿತ್ತು, ಒಳಗೆ ಒಂದು ಕಬ್ಬಿಣದ ಕಡ್ಡಿಯೂ ಇರಲಿಲ್ಲ. ಗುತ್ತೇದಾರರು, ಸಾವ್ಕಾರರು, ಗೌಂಡಿಗಳು, ಬಾಗಿಲಿನ ಹೊಳಪು ಹೊಗಳಿದ ಅಧ್ಯಕ್ಷರು, ಇವರಾರಿಗೂ ಒಳಗಿನಿಂದ ಬಾಗಿಲು ಹಾಕಿಕೊಳ್ಳುವವರು ಯಾರಾದರೂ ಇದ್ದಾರೆಂಬುದು ಹೊಳೆದಿರಲಿಲ್ಲ. ರಸ್ತೆಯಿಂದ ಮುಕಾದಮ ಮರಾಠಿಯಲ್ಲಿ ಕೂಗಿ ಬೈಯತೊಡಗಿದ. ತಾಯಿ, "ನಡೀಯೇ" ಎಂದು ಮಗಳನ್ನು ಕರೆದಳು. ಮಗಳು ಎದ್ದು ಟ್ರಂಕಿನ ಹಿಡಿಕೆಗೆ ಕೈ ಹಾಕಿದಳು.

"ಒಂದ ಗಳಿಗಿ ತಡೀರಿ" ಎಂದವರು ನಮ್ಮ ಅಧ್ಯಕ್ಷರು. ಅವರ ಬಾಯಿಂದ ದಾನಿಗಳಿಗೆ ಸಂಬಂಧವಿಲ್ಲದ ಮಾತೊಂದು ಗಟ್ಟಿಯಾಗಿ ಬಂದದ್ದು ನಾನು ಕೇಳಿದ ಹಾಗೆ ಅದೇ ಮೊದಲು. ಗುತ್ತೇದಾರರ ತಾಯಿಯ ಹೆಸರಿನ ದೊಡ್ಡ ಕೋಣೆಗೆ ಹೋದರು. ಸಭೆ ಸೇರುವುದು ಅಲ್ಲಿ, ಶಾಲಿನ ಕಪಾಟು ಇರುವುದೂ ಅಲ್ಲಿ. ಅದರ ಬಾಗಿಲಿಗೆ ಒಳಗಡೆ ಗೇಣುದ್ದದ ಕಬ್ಬಿಣದ ಚಿಲಕವಿತ್ತು. ಸ್ಕ್ರೂಡ್ರೈವರ್‌ನಿಂದ ಅದನ್ನು ಬಿಚ್ಚಿ ತಂದು, ಮೊಳಕಾಲೂರಿ ಕುಳಿತು, ಏದುಸಿರು ಬಿಡುತ್ತ ತೇಗದ ಬಾಗಿಲಿಗೆ ಕೂಡಿಸಿದರು. ಅಂಗಿಯ ತುಂಬ ಕಟ್ಟಿಗೆಯ ಹುಡಿ.

ತಾಯಿ ಮಗಳನ್ನು ಕರೆದುಕೊಂಡು ಒಳಗೆ ಹೋಗಿ ಚಿಲಕ ಹಾಕಿದಳು. "ದಬ್ಬ್ರಿ ಅಕ್ಕೋರ" ಎಂದು ಒಳಗಿನಿಂದ ಕೂಗಿದಳು. ನಾನು ದಬ್ಬಿದೆ. "ಜೋರ್ಲೆ ದಬ್ಬ್ರಿ." ಅಧ್ಯಕ್ಷರೂ ಹೆಗಲು ಕೊಟ್ಟರು. ಬಾಗಿಲು ಜಗ್ಗಲಿಲ್ಲ. ಚಿಲಕ ಸರಿದ ಸದ್ದಾಯಿತು, ತಾಯಿ ಹೊರಗೆ ಬಂದಳು.

"ಇರ್ಲಿ ಆಕಿ" ಎಂದಳು. ಮಗಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಕೊಯ್ತಾಕ್ಕೆ ಮತ್ತೆ ತಟ್ಟು ಸುತ್ತಿಕೊಂಡು ಟ್ರಾಲಿ ಹತ್ತಿದಳು. ನನಗೆ ಅಳು ಬಂತು. ಅಧ್ಯಕ್ಷರು ಅಂಗಿ ಝಾಡಿಸಿಕೊಳ್ಳುತ್ತ, "ನಾ ಏನೂ ನೋಡಿಲ್ರಿ ಮತ್ತ" ಎಂದು ಹೇಳಿ ಪೇಟೆಗೆ ಹೋದರು. ಅದೇ ಜಾತಿಯ ಹೊಸ ಕೀಲಿ ತಂದು ನನ್ನ ಕೈಗೆ ಕೊಟ್ಟರು. ದಾನಿಗಳು ಬರುವ ಸುದ್ದಿ ಬಂದಾಗ ಅದನ್ನು ಕೊಂಡಿಗೆ ಸಿಕ್ಕಿಸುತ್ತಿದ್ದೆವು, ಹೋದ ಮೇಲೆ ತೆಗೆಯುತ್ತಿದ್ದೆವು. ಜೋಳದ ಚೀಲಗಳು ಬಂದು ಕೋಣೆ ಸೇರಿದವು.

ಪುಢಾರಿಯ ತಾರೀಖು ಸಿಕ್ಕಿದ್ದು ಸಂಕ್ರಾಂತಿ ದಾಟಿದ ಮೇಲೆ. ಮಂಟಪ ಹಾಕಿ, ಸ್ಪೀಕರ್ ಹಚ್ಚಿ, ನಾವೇ ಕೀಲಿ ತೆಗೆದು ಬಾಗಿಲಿಗೆ ಅಡ್ಡ ಕೆಂಪು ರಿಬ್ಬನ್ ಕಟ್ಟಿದೆವು. ಹುಡುಗಿಯರು ತಲೆ ಬಾಚಿಕೊಂಡು ಗುಲಾಬಿ ಹೂವು ಹಿಡಿದು ಮುಂಜಾನೆಯಿಂದಲೇ ಸಾಲಾಗಿ ನಿಂತರು. ಇವತ್ತು ಯಾರೂ ಒಳಗೆ ಹೋಗಕೂಡದು ಎಂದು ಅಧ್ಯಕ್ಷರು ಕೈ ಮುಗಿದು ಹೇಳಿದ್ದರು. ಪುಢಾರಿ ಬಂದಾಗ ಮಧ್ಯಾಹ್ನ ಮೀರಿತ್ತು. ಬಂದವರು ಭಾಷಣಕ್ಕೆ ನಿಂತರು. ಅಷ್ಟರಲ್ಲಿ ಕುಣಿಕೋಣೂರಿನ ಹುಡುಗಿ ಸಾಲು ಬಿಟ್ಟು ನನ್ನ ಹತ್ತಿರ ಬಂದಳು.

"ಅಕ್ಕೋರ, ತಡಿಯಾಕ ಆಗವಲ್ದರಿ."

ಜೋಳ ಕೋಣೆಯಲ್ಲಿತ್ತು. "ಹೋಗು" ಎಂದೆ. ಅವಳು ಗುಲಾಬಿಯನ್ನು ನನ್ನ ಕೈಗೆ ಕೊಟ್ಟು, ಮಂಟಪದ ಹಿಂದಿನಿಂದ ಹೋಗಿ, ರಿಬ್ಬನ್ನಿನ ಕೆಳಗೆ ಬಗ್ಗಿ ಒಳಗೆ ಸೇರಿದಳು.

ವೇದಿಕೆಯಿಂದ, "ಇಬ್ಬರೂ ಗುಪ್ತದಾನಿಗಳು ದಯಮಾಡಿ ಮೇಲೆ ಬರಬೇಕು" ಎಂದು ಸ್ಪೀಕರ್ ಕರೆಯಿತು. ಇಬ್ಬರೂ ಜನರ ಕಡೆ ಕೈ ಬೀಸುತ್ತ ಬಂದರು. ಯಾರಿಗೆ ಮೊದಲು ಫೇಟಾ ಕಟ್ಟಿದರೂ ಇನ್ನೊಬ್ಬರು ಮುನಿಯುತ್ತಾರೆಂದು ಅಧ್ಯಕ್ಷರು ಫೇಟಾ ಕಟ್ಟುವವರನ್ನು ಇಬ್ಬರನ್ನು ಕರೆಸಿದ್ದರು. ಒಂದೇ ಹೊತ್ತಿಗೆ ಸುತ್ತು ಶುರುವಾಗಿ ಒಂದೇ ಹೊತ್ತಿಗೆ ಮುಗಿಯಿತು. ಕೆಂಪು ಶಾಲು ಸಾವ್ಕಾರರ ಹೆಗಲೇರಿತು. ಚಹಾದ ಕಲೆಯ ಮೂಲೆಯನ್ನು ನಾನೇ ಒಳಮಡಿಕೆಗೆ ಸೇರಿಸಿದ್ದೆ. ಆಮೇಲೆ ಹಲಗಿಯವರು ಬಾರಿಸುತ್ತ ಮುಂದೆ, ಫೇಟಾಗಳು ಹಿಂದೆ, ಮೆರವಣಿಗೆ ಸಂಡಾಸಿನ ಕಡೆ ಹೊರಟಿತು.

ತಟ್ಟೆಯಲ್ಲಿ ಕತ್ತರಿ ಬಂತು, ರಿಬ್ಬನ್ ಬಿತ್ತು, ಚಪ್ಪಾಳೆ ಬಿತ್ತು. ಪುಢಾರಿ ಫೋಟೋದವನ ಕಡೆ ನಗುತ್ತ ಒಂದು ಕೈಯಿಂದ ಬಾಗಿಲು ದಬ್ಬಿದರು. ತೆರೆಯಲಿಲ್ಲ. ನಗು ಹಾಗೇ ಇಟ್ಟುಕೊಂಡು ಎರಡೂ ಕೈಯಿಂದ ದಬ್ಬಿದರು. "ಬಿಸಿಲಿಗಿ ಕಟ್ಟಿಗಿ ಸೊಟ್ಟ ಆಗೇದ್ರಿ" ಎಂದು ಸಾವ್ಕಾರರು ಮುಂದೆ ಬಂದು ಹೆಗಲು ಕೊಟ್ಟರು. ಗುತ್ತೇದಾರರು, "ನನ್ನ ಕಟ್ಟಡ, ನನಗ ಗೊತ್ತದ, ಸರೀರಿ" ಎಂದು ಅವರನ್ನು ಸರಿಸಿ ತಾವೂ ಹೆಗಲು ಕೊಟ್ಟರು. ಹಲಗಿ ನಿಂತಿತು. ಬಾಗಿಲು ಜಗ್ಗಲಿಲ್ಲ.

"ಯಾರದು?" ಎಂದು ಒಳಗಿನಿಂದ ದನಿ ಬಂತು. "ತಡೀರಿ. ಇನ್ನಾ ಆಗಿಲ್ಲ."

ಪುಢಾರಿ ಹಿಂದೆ ಸರಿದರು. ಅವರು ಸರಿದದ್ದರಿಂದ ಉಳಿದವರೂ ಸರಿಯಬೇಕಾಯಿತು. ಅಧ್ಯಕ್ಷರು ನನ್ನ ಕಡೆ ನೋಡಲಿಲ್ಲ, ನೆಲವನ್ನೇ ನೋಡುತ್ತ, "ಚಿಲಕ ಗಟ್ಟಿ ಕುಂತೇದ್ರಿ" ಎಂದರು. ಸಾಂಗ್ಲಿಯ ದೊಡ್ಡವರು, ಇಬ್ಬರು ಗುಪ್ತದಾನಿಗಳು, ಅವರ ಫೇಟಾ, ಶಾಲು, ಕೈಯಲ್ಲಿ ತೆಂಗಿನಕಾಯಿ, ಎಲ್ಲರೂ ಬಿಸಿಲಿನಲ್ಲಿ ಕಬ್ಬು ಕಡಿಯುವವಳ ಮಗಳಿಗಾಗಿ ಕಾಯುತ್ತ ನಿಂತರು. ಅವಳು ಅವಸರ ಮಾಡಲಿಲ್ಲ.